ಬೆಚ್ಚಗಿನ ಮಣೆ

ಪುಂಜಾಲಕಟ್ಟೆಯ ವಾರಿಜಕ್ಕ ಬೀಡಿ ಕಟ್ಟಲು ಕೂರುವಾಗ ಎದುರಿಗೆ ಇನ್ನೊಂದು ಮಣೆ ಹಾಕುತ್ತಿದ್ದರು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಆದರೆ ಸಂಜೆ ಎತ್ತಿಡುವಾಗ ಮಣೆ ಬೆಚ್ಚಗಿರುತ್ತಿತ್ತು, ಈಗಷ್ಟೇ ಯಾರೋ ಎದ್ದು ಹೋದ ಹಾಗೆ.

ಮಗಳು ಅಶ್ವಿತಾ ಮೂರು ವರ್ಷದವಳಿರುವಾಗ ಜ್ವರದಲ್ಲಿ ತೀರಿಕೊಂಡಳು. ಆ ಮಣೆ ಅವಳದು. ಮೊದಮೊದಲು ಮಧ್ಯದಲ್ಲಿ ಅಂಗೈಯಗಲ ಮಾತ್ರ ಬಿಸಿ ಇರುತ್ತಿತ್ತು. ವರ್ಷ ಹೋದ ಹಾಗೆ ಅಗಲವಾಗುತ್ತಾ ಈಗ ಅಂಚಿಗೆ ಬಂದಿತ್ತು. ಸತ್ತ ಮಕ್ಕಳೂ ಬೆಳೆಯುತ್ತಾರೆ ಎಂದು ಹಿರಿಯರು ಹೇಳುವುದನ್ನು ವಾರಿಜಕ್ಕ ಕೈಯಿಂದ ಮುಟ್ಟಿ ನೋಡಿದ್ದರು. ಯಾರಿಗೂ ಹೇಳಿರಲಿಲ್ಲ.

ಮಗ ಸುಧಾಕರನಿಗೆ ನೋಡಿದ ಸಂಬಂಧಗಳೆಲ್ಲ ತಪ್ಪಿಹೋದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದಾಗ, ಮನೆಯಲ್ಲಿ ಪ್ರಾಯಕ್ಕೆ ಬಂದ ಹೆಣ್ಣೊಂದು ಕಾಯುತ್ತಿದೆ, ಮೊದಲು ಅವಳದಾಗಲಿ ಎಂದು ಬಂತು. ಮೂಡುಬಿದಿರೆ ಕಡೆಯ ಲೀಲಕ್ಕನ ಮಗ ಜಿತೇಶನೂ ಎಳವೆಯಲ್ಲೇ ತೀರಿಹೋದವನು. ಜಾತಕ ಕೂಡಿತು. ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಇಬ್ಬರಿಗೂ ಪ್ರೇತಮದುವೆ ಎಂದಾಯಿತು.

"ಅವಳಿಗೂ ಒಂದು ಮನೆ ಅಂತ ಆಗ್ತದಲ್ಲ ಅಮ್ಮ," ಎಂದ ಸುಧಾಕರ.

"ಅವಳಿಗೆ ಮನೆ ಇಲ್ಲ ಅಂತ ನಿನಗೆ ಯಾರು ಹೇಳಿದ್ದು?"

ಮದುವೆಯಾದ ಮೇಲೆ ಹೆಣ್ಣಿನ ಮಣೆಯನ್ನು ಗಂಡಿನವರು ಕೊಂಡುಹೋಗುವುದು ಅವರ ಕಡೆಯ ಕ್ರಮ. ಆಮೇಲೆ ಸಂಜೆ ಮುಟ್ಟಿ ನೋಡಲು ಏನುಂಟು? ವಾರಿಜಕ್ಕ ಬಿ.ಸಿ.ರೋಡಿನ ಪೇಟೆಗೆ ಹೋಗಿ ಅಂಥದ್ದೇ ಇನ್ನೊಂದು ಮಣೆ ತಂದರು. ಹಳೆಯದನ್ನು ಬೀಡಿ ಎಲೆಯ ಗೋಣಿಯ ಹಿಂದೆ ಅಡಗಿಸಿದರು.

ಮದುವೆ ಚೆನ್ನಾಗಿಯೇ ಆಯಿತು. ಹೊಸ ಮಣೆಗೆ ಸೀರೆ, ಜಿತೇಶನ ಮಣೆಗೆ ಪಂಚೆ, ಶಾಲು.

"ಏನು ಮಾರ್ರೆ, ಹೆಣ್ಣಿನ ಸಿಂಗಾರ ಇನ್ನೂ ಮುಗೀಲಿಲ್ವಾ? ನಮ್ಮ ಹುಡುಗ ಕಾದು ಕಾದು ಮುದುಕ ಆದ!" ಎಂದರು ಗಂಡಿನ ಚಿಕ್ಕಮ್ಮ. ಎಲ್ಲರೂ ನಕ್ಕರು. ವಾರಿಜಕ್ಕ ಗೋಣಿಯ ಕಡೆ ನೋಡಿದರು.

ಮರುದಿನ ಹಳೆಯ ಮಣೆ ಹಾಕಿದರು. ಸಂಜೆ ಮುಟ್ಟಿದರೆ ಸುಡುತ್ತಿತ್ತು. ಆ ಬಿಸಿ ಅವರಿಗೆ ಗುರುತಿತ್ತು. ಮಗುವಿನ ಕೊನೆಯ ಜ್ವರದ ಬಿಸಿ. ದಿನ ಹೋದ ಹಾಗೆ ಏರಿತೇ ಹೊರತು ಇಳಿಯಲಿಲ್ಲ.

ಆಗಲೇ ಲೀಲಕ್ಕನ ಫೋನು ಬಂತು.

"ವಾರಿಜಕ್ಕ, ನನಗೆ ಹುಚ್ಚು ಅಂತ ಹೇಳ್ಬೇಡಿ. ನಮ್ಮ ಜಿತೇಶನ ಮಣೆ ಮೊದಲಿಂದಲೂ ಸಂಜೆಗೆ ಬೆಚ್ಚಗಾಗ್ತದೆ. ನೀವು ಕೊಟ್ಟ ಪಕ್ಕದ್ದು ಮಾತ್ರ ತಣ್ಣಗೆ. ಸೊಸೆ ಬರ್ಲೇ ಇಲ್ಲ ಅಲ್ವಾ?"

ಇಷ್ಟು ವರ್ಷ ತನ್ನೊಬ್ಬಳದೇ ಎಂದುಕೊಂಡದ್ದು ಇನ್ನೊಂದು ಮನೆಯಲ್ಲೂ ಇತ್ತು. ವಾರಿಜಕ್ಕ ಸುಡುವ ಮಣೆಯನ್ನು ಹತ್ತಿರ ಎಳೆದುಕೊಂಡರು.

"ನಾಳೆ ಕರ್ಕೊಂಡು ಬರ್ತೇನೆ," ಎಂದರು.

ಮೂಡುಬಿದಿರೆ ಬಸ್ಸಿನಲ್ಲಿ ಮಣೆಯನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟರು.

"ಅಕ್ಕ, ಅದನ್ನು ಕೆಳಗೆ ಇಡಿ. ಇಲ್ಲಾಂದ್ರೆ ಅದಕ್ಕೂ ಟಿಕೇಟ್ ಹರೀತೇನೆ," ಎಂದ ಕಂಡಕ್ಟರ್.

"ಹರಿ ಮಾರಾಯ."

"ಅರ್ಧವಾ?" ಎಂದು ಅವನು ನಕ್ಕ.

ವಾರಿಜಕ್ಕ ಮಣೆಯ ಅಂಚು ತಡವಿದರು. "ಅಲ್ಲ, ಪೂರ್ತಿ. ಮದುವೆ ಆದವಳು."

ಅವನ ನಗು ನಿಂತಿತು. ಟಿಕೇಟು ಕೊಟ್ಟ. ಆ ಸೀಟಿಗೆ ಯಾರನ್ನೂ ಕೂರಲು ಬಿಡಲಿಲ್ಲ. ಸಿದ್ಧಕಟ್ಟೆ ದಾಟುವಾಗ ಮಣೆಯ ಬಿಸಿ ಇಳಿಯತೊಡಗಿತು.

ಲೀಲಕ್ಕ ಹೊಸ ಮಣೆ ತೆಗೆದು, ಜಿತೇಶನ ಪಕ್ಕ ಹಳೆಯದನ್ನು ಇಟ್ಟರು. ತಾಯಂದಿರಿಬ್ಬರೂ ಚಾ ಕುಡಿದು ಕಾದರು. ಸಂಜೆ ಮುಟ್ಟಿದಾಗ ಎರಡೂ ಒಂದೇ ಹದಕ್ಕೆ ಬೆಚ್ಚಗಿದ್ದವು.

"ಬರುವ ವರ್ಷ ಆಟಿ ಕೂರ್ಲಿಕ್ಕೆ ಸೊಸೆಯನ್ನು ತಾಯಿಮನೆಗೆ ಕಳಿಸ್ತೇನೆ," ಎಂದರು ಲೀಲಕ್ಕ. "ಆದ್ರೆ ತಿಂಗಳು ಮುಗಿದ ಕೂಡ್ಲೇ ಬಿಡ್ಬೇಕು. ಅಡಗಿಸಿ ಇಡ್ಲಿಕ್ಕೆ ಇಲ್ಲ!"

ಸುಧಾಕರನಿಗೆ ಈಗ ಬೆಳ್ತಂಗಡಿ ಕಡೆಯ ಸಂಬಂಧವೊಂದು ಕೂಡಿಬಂದಿದೆ. ವಾರಿಜಕ್ಕ ಎದುರಿನ ಜಾಗ ಗುಡಿಸಿ, ಖಾಲಿ ಬಿಟ್ಟೇ ಬೀಡಿ ಕಟ್ಟಲು ಕೂರುತ್ತಾರೆ. ಏಳುವಾಗ ಕೈ ತಾನಾಗಿ ನೆಲ ಮುಟ್ಟುತ್ತದೆ. ನೆಲ ತಣ್ಣಗಿರುತ್ತದೆ. ಜ್ವರ ಇಳಿದ ಮಗುವಿನ ಹಣೆ ಮುಟ್ಟಿದ ಹಾಗೆ, ಸ್ವಲ್ಪ ಹೊತ್ತು ಅವರು ಕೈ ತೆಗೆಯುವುದಿಲ್ಲ.