ನನ್ನ ಕ್ವಾರ್ಟರ್ ಕ್ರೆಡಿಟ್‌ಗಳು

ಹೈದರಾಬಾದಿನ ಕಾಲೇಜು ಅರ್ಧಕ್ಕೆ ಬಿಟ್ಟು ಗಂಗಾವತಿಗೆ ಮರಳಿದಾಗ ಮನೆಯಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಹಾಸ್ಟೆಲ್ ಒಗ್ಗಲಿಲ್ಲ ಎಂದೆ. ಅವ್ವ ರೊಟ್ಟಿ ಬಡಿಯುತ್ತಲೇ "ಛಲೋ ಆತು ಬಿಡು" ಎಂದಳು. ನನ್ನ ಚಿಂತೆ ಬೇರೆಯೇ ಇತ್ತು. ಆ ವರ್ಷವೇ ತಂಗಿ ಕೊಪ್ಪಳದ ಕಾಲೇಜಿಗೆ ಸೇರಿದ್ದಳು. ನಾನು ಓದಿ ಬಂದದ್ದನ್ನು ಅಲ್ಲಿ ಒಪ್ಪದಿದ್ದರೆ ಒಂದು ವರ್ಷ ಕಳೆದುಕೊಂಡು ಅವಳ ಕ್ಲಾಸಿನಲ್ಲೇ ಕೂರಬೇಕಿತ್ತು. ನನ್ನ ಹಳೆಯ ಬಟ್ಟೆ ತೊಟ್ಟು ಬೆಳೆದವಳ ಜೊತೆ! ಅದಕ್ಕಿಂತ ಅವ್ವನ ಜೊತೆ ರೊಟ್ಟಿ ಬಡಿಯುವುದೇ ಲೇಸು ಎಂದು ಹಟ ಹಿಡಿದಿದ್ದೆ.

ತೊಡಕು ಏನೆಂದರೆ, ಹೈದರಾಬಾದಿನಲ್ಲಿ ಮೂರು ತಿಂಗಳಿಗೊಂದು ಅವಧಿ, ವರ್ಷಕ್ಕೆ ಮೂರು. ಅದನ್ನು ಕ್ವಾರ್ಟರ್ ಎನ್ನುತ್ತಿದ್ದರು. ಕೊಪ್ಪಳದಲ್ಲಿ ವರ್ಷಕ್ಕೆ ಎರಡೇ ಸೆಮಿಸ್ಟರ್. ಇದನ್ನು ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು. ಕೊಪ್ಪಳದ ಬಸ್ಸಿನಲ್ಲಿ ಪರಿಚಯದವರೊಬ್ಬರು, "ಮಗಳನ್ನ ಕರಕೊಂಡು ಎಲ್ಲಿಗ್ರಿ ಸಾವ್ಕಾರ್ರ?" ಎಂದು ಕೇಳಿದರು. ಅಪ್ಪನದು ಭತ್ತದ ವ್ಯಾಪಾರ, ಕೂಗಿ ಕೂಗಿ ದೊಡ್ಡದಾದ ಗಂಟಲು.

"ಏನಿಲ್ರಿ, ಹೈದರಾಬಾದಿನ್ಯಾಗ ಇಕಿದು ಕ್ವಾರ್ಟರ್ ಭಾಳ ಆಗ್ಯಾವ. ಇಲ್ಲೆ ನಡೀತಾವೇನು ಕೇಳಾಕ ಹೊಂಟೀವಿ."

ಇಡೀ ಬಸ್ಸು ನನ್ನತ್ತ ತಿರುಗಿತು. ನಮ್ಮ ಕಡೆ ಕ್ವಾರ್ಟರ್ ಎಂದರೆ ವೈನ್‌ಶಾಪಿನ ಸಣ್ಣ ಬಾಟಲಿ, ಬೇರೆ ಅರ್ಥವೇ ಇಲ್ಲ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಓದಿದ್ದು, ಓದಿದ್ದು!" ಎಂದು ನಾನು ಕೂಗಿದ್ದಕ್ಕೆ ಬಸ್ಸಿನ ತುಂಬ ನಗು ಎದ್ದಿತೇ ಹೊರತು ಮಾನ ಉಳಿಯಲಿಲ್ಲ.

ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಮೇಡಂ ನನ್ನ ಅಂಕಪಟ್ಟಿ ನೋಡಿ, "ಅಲ್ಲಿ ಮೂರು ಕ್ರೆಡಿಟ್ ಇದ್ರ ಇಲ್ಲೆ ಎರಡs ಹಿಡಿಯೋದ್ರಿ" ಎಂದರು. ಅಪ್ಪನ ಸಿಟ್ಟು ನೆತ್ತಿಗೇರಿತು.

"ಹಸಿ ಭತ್ತಕ್ಕ ತೂಕ ಕಡದಂಗ ಕಡೀತೀರಲ್ರಿ ಮೇಡಂ! ಮೂರು ಅಂದ್ರ ಎಲ್ಲಿ ಹೋದ್ರೂ ಮೂರs. ನನ್ನ ಮಗಳು ಅಳಕೋಂತ ಓದ್ಯಾಳ್ರಿ ಅಲ್ಲಿ."

ನಾನು ಅಳುತ್ತಿದ್ದದ್ದು ಅಪ್ಪನಿಗೆ ಗೊತ್ತಿತ್ತು ಎಂಬುದು ನನಗೆ ಗೊತ್ತಾದದ್ದೇ ಆಗ. ಫೋನಿನಲ್ಲಿ ನಾನು ಬರೀ ಊಟದ ಸುದ್ದಿ ಹೇಳುತ್ತಿದ್ದೆ.

ಮೇಡಂ ಸಿಟ್ಟಾಗಲಿಲ್ಲ. "ಗಂಗಾವತ್ಯಾಗ ಭತ್ತದ ಚೀಲ ಎಷ್ಟು ಕೇಜಿದ್ರಿ?" ಎಂದು ಕೇಳಿದರು.

"ಎಪ್ಪತ್ತೈದು."

"ಯಾರರ ಮೂರು ಚೀಲ ತಂದಿಟ್ಟು ಮೂರು ಕ್ವಿಂಟಲ್ ಐತಿ ಅಂದ್ರ ಒಪ್ಪತೀರೇನು?"

"ಹೆಂಗ ಒಪ್ಪಲಿ? ಕ್ವಿಂಟಲ್ ಅಂದ್ರ ನೂರಲ್ರಿ!"

"ಇದೂ ಹಂಗs. ಅವರದು ಸಣ್ಣ ಚೀಲ, ನಮ್ಮದು ದೊಡ್ಡದು. ಕಾಳು ಎಲ್ಲೂ ಹೋಗಂಗಿಲ್ಲ."

ಅಪ್ಪ ಎಷ್ಟು ಜೋರಾಗಿ ನಕ್ಕ ಎಂದರೆ ಹೊರಗಿದ್ದ ಜವಾನ ಬಾಗಿಲು ಸರಿಸಿ ಇಣುಕಿದ.

ಲೆಕ್ಕ ಕೂಡಿ ಬಂತು, ನನ್ನ ವರ್ಷ ಉಳಿಯಿತು. ಒಂದೇ ಕೊರತೆ: ಹೈದರಾಬಾದಿನಲ್ಲಿ ಹಿಂದಿ ತೆಗೆದುಕೊಂಡಿದ್ದರಿಂದ ಮೊದಲ ವರ್ಷದ ಕನ್ನಡ ಬಾಕಿ. ಹುಟ್ಟಿದಾಗಿನಿಂದ ಮನೆಯಲ್ಲಿ ಬೇರೆ ಮಾತೇ ಆಡದವಳಿಗೆ ಕನ್ನಡದಲ್ಲಿ ಕ್ರೆಡಿಟ್ ಸಾಲದು! ಆ ಒಂದು ಪಾಠಕ್ಕೆ ಮೊದಲ ವರ್ಷದವರ ಜೊತೆ ಕೂರಬೇಕು. ಅಂದರೆ ತಂಗಿಯ ಕ್ಲಾಸಿನಲ್ಲಿ.

ಮೊದಲ ದಿನ ತಲೆ ತಗ್ಗಿಸಿ ಹೋಗಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತೆ. ಮುಂದೆ ಗೆಳತಿಯರ ನಡುವೆ ಇದ್ದ ತಂಗಿ ನನ್ನನ್ನು ಕಂಡವಳೇ ಚೀಲ ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಂತೆ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ನಿನ್ನ ವರ್ಷ ಹೋಗಿದ್ರ ಛಲೋ ಇತ್ತು ನೋಡು. ದಿನಾ ಹಿಂಗs ಕುಂಡ್ರತಿದ್ವಿ."

ಕಣ್ಣು ಬಿಟ್ಟು ಗದರಿಸಿದೆ. ಅವಳು ಹೆದರಲಿಲ್ಲ, ನಾನೂ ನಗು ತಡೆಯಲಿಲ್ಲ. ಹೈದರಾಬಾದಿನಲ್ಲಿ ಅಷ್ಟು ದಿನ ಇದ್ದೆ. ಒಬ್ಬರೂ ತಮ್ಮ ಜಾಗ ಬಿಟ್ಟು ನನ್ನ ಪಕ್ಕಕ್ಕೆ ಬಂದು ಕೂತಿರಲಿಲ್ಲ.