ಗೀಟೆಳೆದ ಹಾಳೆಗಳು

ಸೋಂಕು ತಡೆಯುವವರ ಕೆಲಸಕ್ಕೆ ಸಾಕ್ಷಿ ಸಿಗುವುದು ಕಷ್ಟ. ಶಸ್ತ್ರಚಿಕಿತ್ಸಕರಿಗೆ ಗುಣವಾಗಿ ಮನೆಗೆ ಹೋದ ರೋಗಿ ಇರುತ್ತಾನೆ, ಹೆರಿಗೆ ಮಾಡಿಸಿದವರಿಗೆ ಅಳುವ ಮಗು ಇರುತ್ತದೆ; ಬರಬೇಕಿದ್ದ ಕಾಯಿಲೆ ಬಾರದೇ ಹೋದದ್ದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಅಂಥ ಕೆಲಸವನ್ನು ಒಂದೇ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಮಾಡಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ಸೋಂಕು ನಿಯಂತ್ರಣ ವಿಭಾಗದ ನಮ್ಮ ಹಿರಿಯ ಸಿಸ್ಟರ್ ಅವರ ಬಗ್ಗೆ ಈ ಬೀಳ್ಕೊಡುಗೆ ಸಂಪುಟಕ್ಕೆ ಬರೆಯಬೇಕೆಂದು ಸಂಪಾದಕರು ಹೇಳಿದ್ದಾರೆ. ನಾನು ಅವರ ವಿದ್ಯಾರ್ಥಿನಿ. ಈಗ ಅದೇ ವಿಭಾಗದ ನರ್ಸ್. ಹೊಗಳಿಸಿಕೊಳ್ಳುವುದು ಅವರಿಗೆ ಬಾರದು. ಆದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅವರನ್ನು ಮೊದಲು ನೋಡಿದ್ದು ನರ್ಸಿಂಗ್ ಶಾಲೆಯ ತರಬೇತಿ ಕೋಣೆಯಲ್ಲಿ. ಅಲ್ಲಿ ಎರಡು ಸಿಂಕುಗಳು. ಒಂದರ ನಲ್ಲಿ ಸದಾ ತೊಟ್ಟಿಕ್ಕುತ್ತಿತ್ತು. ನಮಗೆ ಗ್ಲೌಸ್ ಹಾಕಿಸಿ, ಅದರ ಮೇಲೆ ನೀಲಿ ಶಾಯಿ ಬಳಿದು, "ಈಗ ಬಿಚ್ಚಿ" ಎನ್ನುತ್ತಿದ್ದರು. ಮಣಿಕಟ್ಟಿನಲ್ಲಿ ಒಂದು ಚುಕ್ಕೆ ನೀಲಿ ಕಂಡರೂ ಮತ್ತೆ ಮೊದಲಿನಿಂದ. ನಾನು ಒಂಬತ್ತು ಸಲ ಬಿಚ್ಚಿದೆ.

"ಏನಮ್ಮಾ, ನರ್ಸಿಂಗ್ ಕಲಿಯೋಕೆ ಬಂದ್ಯಾ, ಗೋಡೆಗೆ ಬಣ್ಣ ಬಳಿಯೋಕೆ ಬಂದ್ಯಾ?"

"ಸ್ವಲ್ಪಾನೇ ಅಂಟಿರೋದು ಸಿಸ್ಟರ್."

"ಕಾಯಿಲೆಗೂ ಸ್ವಲ್ಪಾನೇ ಸಾಕು ತಾಯಿ. ಹಾಕ್ಕೋ ಇನ್ನೊಂದು ಜೊತೆ."

ಸೋಪಿನಿಂದ ನಮ್ಮ ಕೈ ಬಿರಿದಾಗ ತಮ್ಮ ಬ್ಯಾಗಿನಿಂದ ಮುಲಾಮಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಗೆ ಹೋಗುತ್ತಿದ್ದರು. ಡಬ್ಬಿ ಖಾಲಿಯಾದರೆ ಮರುದಿನ ಇನ್ನೊಂದು ಬರುತ್ತಿತ್ತು. ನಾವೋ, ಹಾಸ್ಟೆಲಿನ ಊಟದ ಮನೆಯಲ್ಲಿ ನೀಲಿ ಉಗುರುಗಳಲ್ಲಿ ತಟ್ಟೆ ಹಿಡಿದು ಅವರ ದನಿಯನ್ನೇ ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದೆವು. ಆ ನಗು ಈಗಲೂ ಕಿವಿಯಲ್ಲಿದೆ. ಅಷ್ಟು ನಿಶ್ಚಿಂತೆಯಿಂದ ನಾವು ಮತ್ತೆ ನಕ್ಕಿಲ್ಲ.

ಉಸಿರಿನ ಆ ಸೋಂಕು ಬಂದಾಗ ನಾನು ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮೇಲಿನಿಂದ ಸುತ್ತೋಲೆಗಳು ಬರುತ್ತಿದ್ದವು. ಬೆಳಿಗ್ಗೆ ಬಂದದ್ದು ಸಂಜೆಗೆ ಬದಲಾಗುತ್ತಿತ್ತು. ಸಿಸ್ಟರ್ ಅವುಗಳನ್ನು ನಮಗೆ ತಿಳಿಯುವ ಮಾತಿನಲ್ಲಿ ದೊಡ್ಡ ಹಾಳೆಯ ಮೇಲೆ ಬರೆದು, ಬಟ್ಟೆ ಬದಲಿಸುವ ಕೋಣೆಯ ಎದುರಿನ ಗೋಡೆಗೆ ಅಂಟಿಸುತ್ತಿದ್ದರು. ಸೂಚನೆ ಬದಲಾದರೆ ಹಳೆಯ ಹಾಳೆಯನ್ನು ಕೀಳುತ್ತಿರಲಿಲ್ಲ. ಅದರ ಮೇಲೆ ಕೆಂಪು ಪೆನ್ನಿನಿಂದ ಒಂದು ಗೀಟೆಳೆದು, ಯಾವ ದಿನದಿಂದ ಯಾವ ದಿನದವರೆಗೆ ಅದು ನಡೆಯಿತೆಂದು ನಮೂದಿಸಿ, ಕೆಳಗೆ "ಹೀಗೆ ಮಾಡಿ ಎಂದು ಹೇಳಿದವಳು ನಾನು. ಇದು ಈಗ ಸರಿಯಲ್ಲ" ಎಂದು ಬರೆದು ಸಹಿ ಹಾಕುತ್ತಿದ್ದರು. ಹೊಸದು ಪಕ್ಕದಲ್ಲಿ ಬರುತ್ತಿತ್ತು. ಪೆನ್ನು ಮೊಳೆಯಿಂದ ದಾರದಲ್ಲಿ ನೇತಾಡುತ್ತಿತ್ತು. ಎರಡು ತಿಂಗಳಲ್ಲಿ ಗೋಡೆ ತುಂಬಿತು, ಅವರಿಗೆ "ಗೋಡೆ ಸಿಸ್ಟರ್" ಎಂಬ ಹೆಸರೂ ಬಿತ್ತು.

ಆಸ್ಪತ್ರೆಯ ಅಧೀಕ್ಷಕರಿಗೆ ಇದು ಹಿಡಿಸಲಿಲ್ಲ. "ಸಿಸ್ಟರ್, ಆ ಹಳೇದನ್ನೆಲ್ಲ ಕಿತ್ತು ಹಾಕಿಸಿ. ನೋಡಿದವರು ನಮಗೇನೂ ಗೊತ್ತಿಲ್ಲ ಅಂದ್ಕೋತಾರೆ."

"ಗೊತ್ತಿದ್ಯಾ ಸರ್?"

ಹಾಳೆಗಳು ಅಲ್ಲೇ ಉಳಿದವು.

ಐದನೆಯ ವಾರದ ಹಾಳೆಯ ಪ್ರಕಾರ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು ಗಂಟಲಿಗೆ ನಳಿಕೆ ಹಾಕುವಾಗ ಹತ್ತಿರ ಇರುವವರಿಗೆ ಮಾತ್ರ. ಉಳಿದವರಿಗೆ ಸಾಧಾರಣ ಮಾಸ್ಕು ಸಾಕು. ನಾನು ಹನ್ನೊಂದು ದಿನ ಸಾಧಾರಣ ಮಾಸ್ಕಿನಲ್ಲೇ ರೋಗಿಗಳಿಗೆ ನೆಬ್ಯುಲೈಸರ್ ಕೊಟ್ಟೆ. ಔಷಧಿಯ ಹಬೆ ನನ್ನ ಕನ್ನಡಕದ ಮೇಲೆ ಕೂರುತ್ತಿತ್ತು. ಅಂಥದೇ ಮಾಸ್ಕಿನಲ್ಲಿ ರೋಗಿಗಳನ್ನು ಎಬ್ಬಿಸಿ ಒರಗಿಸಿ ಹಿಡಿಯುತ್ತಿದ್ದವರು, ನಾವೆಲ್ಲ "ಮಾವ" ಎನ್ನುತ್ತಿದ್ದ ವಾರ್ಡಿನ ಹಳೆಯ ಅಟೆಂಡರ್. ಹನ್ನೆರಡನೆಯ ದಿನ ನೆಬ್ಯುಲೈಸರ್ ಕೊಡುವವರಿಗೂ ಬಿಗಿ ಮಾಸ್ಕು ಬೇಕೆಂದು ಸೂಚನೆ ಬದಲಾಯಿತು. ಹದಿನಾಲ್ಕನೆಯ ದಿನ ನಮ್ಮಿಬ್ಬರಿಗೂ ಜ್ವರ. ನಾನು ಎದ್ದು ಬಂದೆ. ಮಾವ ಬರಲಿಲ್ಲ. ಅವರ ಹಲ್ಲಿನ ಸೆಟ್ಟು ಒಂದು ವಾರ ಕಿಟಕಿಯ ಕಟ್ಟೆಯ ಮೇಲೆ ಲೋಟದಲ್ಲೇ ಇತ್ತು.

ನಾನು ಕೆಲಸಕ್ಕೆ ಮರಳಿದ ಮೇಲೆ ಮಾವನ ಸಾವಿನ ವಿಚಾರಣೆ ನಡೆಯಿತು. ಅಧೀಕ್ಷಕರೂ ಸೇರಿ ಮೂವರು, ಉದ್ದ ಮೇಜು, ದೂರ ದೂರ ಕುರ್ಚಿಗಳು. ಕಚೇರಿಯಲ್ಲಿ ಹೊಸ ಸುತ್ತೋಲೆ ಬಂದ ಕೂಡಲೇ ಹಳೆಯದನ್ನು ಕಡತದಿಂದ ತೆಗೆದು ಎಸೆಯುವುದು ರೂಢಿ. ಆದ್ದರಿಂದ ಅಲ್ಲಿದ್ದದ್ದು ಹೊಸದೊಂದೇ; ಅದಕ್ಕೂ ಮೊದಲು ಬೇರೆ ನಿಯಮವಿತ್ತೆಂಬುದಕ್ಕೆ ಕಡತದಲ್ಲಿ ಗುರುತೇ ಇರಲಿಲ್ಲ.

"ನಿಯಮ ಇಲ್ಲೇ ಇದೆಯಲ್ಲಮ್ಮಾ. ನೀನ್ಯಾಕೆ ಪಾಲಿಸ್ಲಿಲ್ಲ, ಅವರಿಗ್ಯಾಕೆ ಬಿಗಿ ಮಾಸ್ಕು ಹಾಕಿಸ್ಲಿಲ್ಲ?" ಎಂದರು ಅಧೀಕ್ಷಕರು.

"ಆಗ ಹೀಗಿರಲಿಲ್ಲ ಸರ್."

"ಹಾಗಂತ ಎಲ್ಲಿದೆ?"

ಕೆಲಸ ಹೋಗುವುದು ಒಂದು ಕಡೆ. ನನ್ನ ನಿರ್ಲಕ್ಷ್ಯದಿಂದ ಮಾವ ಸತ್ತರು ಎಂದು ಕಾಗದದ ಮೇಲೆ ಬರೆಯಲು ಹೊರಟಿದ್ದರು. ಮೂಲೆಯ ಕುರ್ಚಿಯಲ್ಲಿದ್ದ ಸಿಸ್ಟರ್ ಎದ್ದು ಹೊರಗೆ ಹೋದರು. ಮರಳಿದಾಗ ಕೈಯಲ್ಲಿ ಆ ಹಾಳೆ. ಅಂಟುಪಟ್ಟಿಗೆ ಗೋಡೆಯ ಸುಣ್ಣ ಕಿತ್ತುಕೊಂಡು ಬಂದಿತ್ತು.

"ಇಲ್ಲಿದೆ ಸರ್. ಹನ್ನೊಂದು ದಿನ ಈ ಹುಡುಗಿ ನಾನು ಹೇಳಿದ್ದನ್ನೇ ಮಾಡಿದ್ಲು. ಕೆಳಗೆ ಸಹಿ ನೋಡಿ, ನಂದೇ."

"ಮೇಲಿಂದ ಬಂದಿದ್ದನ್ನ ತಾನೇ ನೀವು ಬರ್ದಿದ್ದು? ಸುಮ್ನೆ ನಿಮ್ಮ ಮೈಮೇಲೆ ಯಾಕೆ ಎಳ್ಕೋತೀರಿ?"

"ಮೇಲಿನವರ ಸಹಿ ಈ ಹಾಳೆ ಮೇಲಿಲ್ಲವಲ್ಲ ಸರ್."

ಹಾಳೆಯ ನಕಲು ಕಡತಕ್ಕೆ ಹೋಯಿತು. ಮೂಲವನ್ನು ಸಿಸ್ಟರ್ ಕೇಳಿ ಪಡೆದು ಮತ್ತೆ ಗೋಡೆಗೆ ಅಂಟಿಸಿದರು. ನನ್ನ ಕೆಲಸ ಉಳಿಯಿತು. ಅವರಿಗೆ ಮೆಮೊ ಬಂತು. ಮರುವರ್ಷ ನರ್ಸಿಂಗ್ ಮುಖ್ಯಸ್ಥರ ಹುದ್ದೆ ಅವರಿಗಿಂತ ಕಿರಿಯರಿಗೆ ಹೋಯಿತು. ಈ ಸಂಪುಟದಲ್ಲಿ ಬೇರೆ ಯಾರೂ ಇದನ್ನು ಬರೆಯಲಾರರು, ಅದಕ್ಕೇ ನಾನು ಬರೆದಿದ್ದೇನೆ. ಒಮ್ಮೆ ಥ್ಯಾಂಕ್ಸ್ ಹೇಳಲು ಅವರ ಕೋಣೆಗೆ ಹೋದೆ. ಓದುತ್ತಿದ್ದ ಕಾಗದದಿಂದ ತಲೆ ಎತ್ತದೆ, "ಕೈ ತೊಳ್ಕೊಂಡ್ಯಾ?" ಎಂದರು.

ಎರಡು ವರ್ಷದಿಂದ ಹಾಳೆ ಬರೆಯುವ ಕೆಲಸ ನನ್ನದು. ಹೋದ ತಿಂಗಳು ನೆಬ್ಯುಲೈಸರ್ ಮಾಸ್ಕುಗಳನ್ನು ಸೋಂಕುನಿವಾರಕ ದ್ರಾವಣದಲ್ಲಿ ಅರ್ಧ ಗಂಟೆ ನೆನೆಸಿ ಎಂದು ಬರೆಯುವ ಬದಲು ಹತ್ತು ನಿಮಿಷ ಎಂದು ಬರೆದಿದ್ದೆ. ನಾಲ್ಕು ದಿನದ ಮೇಲೆ ನನಗೇ ಕಂಡಿತು. ಆ ದಿನ ಹೊಸ ತಂಡ ತರಬೇತಿಗೆ ಬರುವುದಿತ್ತು. ಹಾಳೆಯನ್ನು ಕಿತ್ತು, ಮುದುಡಿ, ಬುಟ್ಟಿಗೆ ಹಾಕಿ ಹೊಸದು ಅಂಟಿಸಿದೆ. ಹೌದು, ನಾನೇ. ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟಿದ್ದ ಸಿಸ್ಟರ್ ಗೋಡೆಯ ಮುಂದೆ ನಿಂತರು.

"ಹಳೇದೆಲ್ಲಿ?"

"ಸಣ್ಣ ತಪ್ಪು ಸಿಸ್ಟರ್. ಸರಿ ಮಾಡಿ ಹಾಕಿದ್ದೀನಿ."

"ನಾಲ್ಕು ದಿನ ಅದನ್ನ ನಂಬಿ ಕೆಲಸ ಮಾಡಿದವರು ನಾಳೆ ಏನು ತೋರಿಸ್ಬೇಕು ಮಗಾ?"

ನಾನು ಬುಟ್ಟಿಗೆ ಕೈ ಹಾಕಿದೆ.

"ಗ್ಲೌಸ್!" ಎಂದರು.

ಆ ನಾಲ್ಕು ದಿನದ ಮಾಸ್ಕುಗಳನ್ನೆಲ್ಲ ವಾಪಸು ತರಿಸಿ ಮತ್ತೆ ನೆನೆಸಿದೆವು. ಹಾಳೆಯನ್ನು ಮೇಜಿನ ಮೇಲೆ ನೀವಿ, ಗೀಟೆಳೆದು, ದಿನಾಂಕ ಹಾಕಿ ಸಹಿ ಮಾಡಿದೆ. ಹೊಸ ತಂಡ ಸುತ್ತ ನಿಂತು ಓದಿತು. ಸುಕ್ಕುಗಳ ಸಮೇತ ಅದು ಈಗ ಹನ್ನೊಂದು ದಿನದ ಆ ಹಾಳೆಯ ಪಕ್ಕದಲ್ಲಿದೆ.

ಸಿಸ್ಟರ್ ಅವರು ಬಹುಕಾಲ ಆರೋಗ್ಯದಿಂದ ಬಾಳಲಿ, ಅವರ ಕೈ ಇನ್ನು ಬಿರಿಯದಿರಲಿ. ತಿಂಗಳಿಗೊಮ್ಮೆಯಾದರೂ ನಮ್ಮ ಕಾರಿಡಾರಿಗೆ ಬಂದು ಗೋಡೆಯನ್ನು ಓದಲಿ; ತಪ್ಪು ಕಂಡರೆ ನನ್ನನ್ನು ಕೂಗಲಿ. ಪೆನ್ನು ದಾರದಲ್ಲೇ ಇದೆ. ಗೀಟು ನಾನೇ ಎಳೆಯುತ್ತೇನೆ.