ಅವ್ವನ ಪಾಟ್ಲಿ, ಭಾವನ ಚೌಕಾಶಿ

ನನ್ನ ಅಕ್ಕನ ಗಂಡ ಹುಟ್ಟಿದಾಗಿನಿಂದ ಯಾವ ವಸ್ತುವಿಗೂ ಕೇಳಿದಷ್ಟು ಬೆಲೆ ಕೊಟ್ಟವರಲ್ಲ. ಇದು ನಾನು ಹೊರಿಸುವ ಆರೋಪವಲ್ಲ, ಅವರೇ ಹೇಳಿಕೊಳ್ಳುವ ಮಾತು. ಅದನ್ನೂ ಊಟಕ್ಕೆ ಕೂತಾಗಲೇ ಹೇಳುತ್ತಾರೆ, ಕೇಳುವವರ ತಾಟಿನಲ್ಲಿ ರೊಟ್ಟಿ ತಣ್ಣಗಾಗುವವರೆಗೂ ಬಿಡುವುದಿಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿಯ ಗೋವಿನಜೋಳವನ್ನು ಹಳಿಯಾಳದ ವ್ಯಾಪಾರಿಗಳಿಗೆ ಕೊಡಿಸುವ ದಲಾಲಿ ಅವರ ಕಸುಬು. ಚೌಕಾಶಿಗೆ ಅವರದೊಂದು ಪದ್ಧತಿ ಇದೆ. ಮೊದಲು ವಸ್ತುವನ್ನು ಕೈಗೆತ್ತಿಕೊಂಡು ಮುಖ ಸಿಂಡರಿಸಬೇಕು. ಆಮೇಲೆ ಅರ್ಧ ಬೆಲೆಗೆ ಕೇಳಬೇಕು. ಅಂಗಡಿಯವನು ಒಪ್ಪದಿದ್ದರೆ ಅಲ್ಲೇ ಇಟ್ಟು ಎದ್ದು ಹೊರಡಬೇಕು, ಹಿಂದೆ ತಿರುಗಿ ನೋಡಬಾರದು, ಅವನು "ಬರ್ರಿ ಬರ್ರಿ, ಒಯ್ರಿ" ಎಂದು ಕೂಗಿ ಕರೆಯುವವರೆಗೆ ನಡೆಯುತ್ತಲೇ ಇರಬೇಕು. ನಮ್ಮ ಕಡೆಯ ಸಂತೆಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ, ನಾನೂ ಬದನೆಕಾಯಿ ಕೊಳ್ಳುವಾಗ ಮಾಡುತ್ತೇನೆ. ಭಾವ ಮಾತ್ರ ಇದನ್ನು ದೊಡ್ಡ ವಿದ್ಯೆ ಎಂದುಕೊಂಡಿದ್ದಾರೆ.

ಈ ವಿದ್ಯೆಯನ್ನು ಅವರು ಕ್ರಿಪ್ಟೊ ವ್ಯವಹಾರದಲ್ಲೂ ತೋರಿಸಲು ಹೋದರು. ಅದರಿಂದ ನಮ್ಮ ಅವ್ವನ ಪಾಟ್ಲಿ ಕೈಬಿಟ್ಟು ಹೋಗುವುದರಲ್ಲಿತ್ತು.

ಪಾಟ್ಲಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅವ್ವ ಬೆಳಗಾವಿ ಕಡೆಯ ಹಳ್ಳಿಯಿಂದ ಮದುವೆಯಾಗಿ ದಾಂಡೇಲಿಗೆ ಬಂದವಳು. ಅಪ್ಪ ಪೇಪರ್ ಮಿಲ್ಲಿನಲ್ಲಿದ್ದ. ಒಂದು ವರ್ಷ ಬೋನಸ್ ಚೆನ್ನಾಗಿ ಬಂದಾಗ ಅವ್ವನಿಗೆ ಬಂಗಾರದ ಎರಡು ಪಾಟ್ಲಿ, ಅಗಲ ಪಟ್ಟಿಯ ಬಳೆ, ಮಾಡಿಸಿ ಕೊಟ್ಟ. ಅವನ್ನು ಪೆಟ್ಟಿಗೆಯಲ್ಲಿಡು ಎಂದು ಎಲ್ಲರೂ ಹೇಳಿದರೂ ಅವ್ವ ಕೇಳಲಿಲ್ಲ. ಹಾಕಿಕೊಂಡೇ ಕ್ವಾರ್ಟರ್ಸಿನ ಬೋರಿಂಗ್ ಹೊಡೆದು ನೀರು ತುಂಬಿದಳು, ಹಾಕಿಕೊಂಡೇ ರೊಟ್ಟಿ ಬಡಿದಳು. ಬೋರಿಂಗಿನ ಹಿಡಿಕೆ ತಾಗಿ ತಾಗಿ ಬಲಗೈಯ ಪಾಟ್ಲಿಯಲ್ಲಿ ಒಂದು ತಗ್ಗು ಬಿದ್ದಿತ್ತು. ಚಿಕ್ಕವರಿದ್ದಾಗ ನಾನೂ ಅಕ್ಕನೂ ಅವ್ವನ ಪಕ್ಕ ಮಲಗಿ ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟುಕೊಳ್ಳಲು ಜಗಳವಾಡುತ್ತಿದ್ದೆವು. ಕೊನೆಗೆ ಅವ್ವ ಎರಡನ್ನೂ ಅಕ್ಕನಿಗೇ ಕೊಟ್ಟಳು. "ನಿನಗ ಕೈಯಾಗ ಕೆಲಸ ಐತಿ, ಆಕಿಗೆ ಇದಾದ್ರೂ ಇರ್ಲಿ" ಎಂದು ನನಗೆ ಹೇಳಿದಳು. ದಾಂಡೇಲಿ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸ್ ನಡೆಸುವವಳು ನಾನು. ನನಗೆ ಬೇಸರವೇನೂ ಆಗಲಿಲ್ಲ.

ಅಕ್ಕನ ಮನೆ ಸಾಂಬ್ರಾಣಿಯಲ್ಲಿದೆ. ಒಂದು ದಿನ ಭಾವನನ್ನು ಯಾರೋ ಸ್ನೇಹಿತರು ಕುಳಗಿಯಿಂದಾಚೆ ಕಾಡಿನ ನಡುವೆ ಇರುವ ಒಂದು ರೆಸಾರ್ಟಿನ ಮೀಟಿಂಗಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ 'ಸರ್' ಇದ್ದ. ಆ ಸೆಕೆಯಲ್ಲೂ ಕೋಟು ಹಾಕಿಕೊಂಡು ಕ್ರಿಪ್ಟೊ ಎಂಬ ಹೊಸ ಕಾಲದ ಬಂಗಾರದ ಬಗ್ಗೆ ಉಪದೇಶ ಮಾಡಿದನಂತೆ. ಕುಳಗಿಯ ಆಚೆ ಫೋನಿಗೆ ನೆಟ್‌ವರ್ಕೇ ಸಿಗುವುದಿಲ್ಲ. ಜಗತ್ತಿನ ದುಡ್ಡೆಲ್ಲ ನಾಳೆಯಿಂದ ಫೋನಿನಲ್ಲೇ ಓಡಾಡುತ್ತದೆ ಎಂಬುದನ್ನು ಆ ಮಹಾನುಭಾವ ಬಿಳಿ ಹಲಗೆಯ ಮೇಲೆ ಮಾರ್ಕರಿನಲ್ಲಿ ಬರೆದು ತೋರಿಸಿದ್ದ. ಆಮೇಲೆ ಪೂರಿ, ಶ್ರೀಖಂಡ. ನಮ್ಮವರಿಗೆ ಮನಸ್ಸು ಕರಗಲು ಶ್ರೀಖಂಡವೊಂದಿದ್ದರೆ ಸಾಕು.

ಭಾವ ಮನೆಗೆ ಬಂದವರೇ ಅಕ್ಕನ ಬೆನ್ನು ಹತ್ತಿದರು. ಪೆಟ್ಟಿಗೆಯಲ್ಲಿ ಮಲಗಿದ ಬಂಗಾರ ದುಡಿಯುವುದಿಲ್ಲ, ಕ್ರಿಪ್ಟೊ ದುಡಿಯುತ್ತದೆ ಎಂದು ವಾರಗಟ್ಟಲೆ ಕೊರೆದರು. ಅಕ್ಕನಿಗೆ ಸಾಕಾಗಿ ಪಾಟ್ಲಿ ತೆಗೆದು ಕೊಟ್ಟಳು. ಅವರು ಹಳಿಯಾಳದ ಪತ್ತಾರನಿಗೆ ಮಾರಿ, ಬಂದ ದುಡ್ಡಿನಲ್ಲಿ ಈಥರ್ ಎಂಬ ನಾಣ್ಯ ಕೊಂಡರು. ಕೊಳ್ಳುವ ಮಾರುವ ಎಕ್ಸ್‌ಚೇಂಜಿನ ಖಾತೆಯನ್ನು ಅಕ್ಕನ ಹೆಸರಿನಲ್ಲಿ ತೆರೆದರು. ಹೆಂಗಸರ ಹೆಸರಿನಲ್ಲಿದ್ದರೆ ತೆರಿಗೆಯವರು ಕೇಳುವುದಿಲ್ಲ ಎಂದು ಸರ್ ಹೇಳಿದ್ದನಂತೆ. ಅದು ಶುದ್ಧ ಸುಳ್ಳು. ಆದರೆ ಆ ಒಂದು ಸುಳ್ಳಿಗೆ ನಾನು ಈಗಲೂ ಅವನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಕೊಂಡ ನಾಣ್ಯವನ್ನು ಅಲ್ಲಿಂದ ತಮ್ಮ ಫೋನಿನ ವ್ಯಾಲೆಟ್ಟಿಗೆ ತಂದಿಟ್ಟುಕೊಂಡರು.

ನನಗೆ ಎಲ್ಲ ಮುಗಿದ ಮೇಲೆ ಗೊತ್ತಾಯಿತು. ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ.

"ನೀ ಟೈಪಿಂಗ್ ಕಲಿಸಾಕಿ. ವ್ಯಾಪಾರದ್ದು ನಿನಗೇನ್ ತಿಳೀತೈತಿ" ಎಂದರು ಭಾವ.

ಹಾಗೇ ತಿಂಗಳುಗಳು ಕಳೆದವು. ಮೊನ್ನೆ ಅಕ್ಕ ಕಾಲುಂಗುರ ಸರಿ ಮಾಡಿಸಲು ಅದೇ ಪತ್ತಾರನ ಅಂಗಡಿಗೆ ಹೋದಳು. ಗಾಜಿನ ಪೆಟ್ಟಿಗೆಯಲ್ಲಿ ಪಾಟ್ಲಿ ಇದ್ದವು, ಒಂದರಲ್ಲಿ ಅದೇ ತಗ್ಗು. ಹಳೆಯ ಕೆಲಸ ಚೆನ್ನಾಗಿದೆ ಎಂದು ಪತ್ತಾರ ಅವನ್ನು ಕರಗಿಸದೆ ಇಟ್ಟಿದ್ದನಂತೆ. ಧಾರವಾಡದವರೊಬ್ಬರು ಮಗಳ ಮದುವೆಗೆಂದು ನೋಡಿ ಹೋಗಿದ್ದರು, ಮುಂದಿನ ಸಂತೆಯ ದಿನ ಬಂದು ಒಯ್ಯುವವರಿದ್ದರು. "ಅವರಕಿಂತ ಮೊದಲ ನೀವು ಬಂದ್ರ ನಿಮಗ ಕೊಡ್ತೇನ್ರಿ ಅಕ್ಕಾರ" ಎಂದನಂತೆ ಪತ್ತಾರ. ಅಕ್ಕ ಮನೆಗೆ ಹೋಗಿ ಗಂಡನಿಗೆ ಜೀವನದಲ್ಲಿ ಮೊದಲ ಸಲ ಅಪ್ಪಣೆ ಕೊಟ್ಟಳು.

"ನಿಮ್ಮ ಕ್ರಿಪ್ಟೊ ಮಾರ್ರಿ. ನಂಗ ಪಾಟ್ಲಿ ಬೇಕು."

ಬೆಲೆ ಆಗ ಚೆನ್ನಾಗಿಯೇ ಇತ್ತು. ಮಾಡಬೇಕಾದದ್ದು ಇಷ್ಟೇ: ವ್ಯಾಲೆಟ್ಟಿನಲ್ಲಿದ್ದದ್ದನ್ನು ಮತ್ತೆ ಎಕ್ಸ್‌ಚೇಂಜಿಗೆ ಕಳಿಸಿ, ಮಾರಿ, ಬ್ಯಾಂಕಿಗೆ ತರುವುದು. ಕಳಿಸುವಾಗ ಒಂದು ಶುಲ್ಕ ಕೊಡಬೇಕು. ಎಲ್ಲೆಲ್ಲೋ ಕೂತ ಕಂಪ್ಯೂಟರುಗಳು ಹೆಚ್ಚು ಶುಲ್ಕ ಕೊಟ್ಟವರ ವ್ಯವಹಾರವನ್ನು ಮೊದಲು ಎತ್ತಿಕೊಂಡು ಖಚಿತಪಡಿಸುತ್ತವೆ. ತೀರ ಕಡಿಮೆ ಕೊಟ್ಟವರದು 'ಪೆಂಡಿಂಗ್' ಎಂದು ಬಿದ್ದಿರುತ್ತದೆ, ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ವ್ಯಾಲೆಟ್ ತಾನೇ ಒಂದು ಶುಲ್ಕವನ್ನು ಸೂಚಿಸುತ್ತದೆ. ಭಾವನ ಕಣ್ಣಿಗೆ ಅದು ಅಂಗಡಿಯವನು ಹೇಳಿದ ಮೊದಲ ಬೆಲೆಯಂತೆ ಕಂಡಿತು. ಅದನ್ನು ಅಳಿಸಿ, ಅರ್ಧಕ್ಕಿಂತ ಕಡಿಮೆ ತುಂಬಿ, ಒತ್ತಿದರು. ಪೆಂಡಿಂಗ್ ಎಂದು ಬಂತು. ಫೋನ್ ಕಿಸೆಗೆ ಹಾಕಿಕೊಂಡು ಮುಂಡಗೋಡಕ್ಕೆ ಜೋಳ ನೋಡಲು ಹೋದರು.

ಅವರು ಏನು ಮಾಡುತ್ತಿದ್ದರೆಂದು ಅಕ್ಕ ಹೇಳಿದಾಗ ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವರು ಕಾಯುತ್ತಿದ್ದರು. ಅಂಗಡಿಯಿಂದ ಎದ್ದು ನಡೆದಾಗಿತ್ತು, ಇನ್ನು ಅಂಗಡಿಯವನೇ ಕೂಗಿ ಕರೆಯಬೇಕು. ಇಡೀ ಜಗತ್ತಿನ ಕಂಪ್ಯೂಟರುಗಳು ಒಟ್ಟಾಗಿ ಸಾಂಬ್ರಾಣಿಯ ಜೋಳದ ದಲಾಲಿಯನ್ನು "ಬರ್ರಿ ಸಾಹೇಬ್ರ, ನೀವು ಹೇಳಿದ್ದಕ್ಕ ಕೊಡ್ತೇವಿ" ಎಂದು ಕರೆಯಬೇಕಿತ್ತು.

ಯಾರೂ ಕರೆಯಲಿಲ್ಲ. ಪುಣ್ಯಕ್ಕೆ ಅವರು ಎಲ್ಲವನ್ನೂ ಒಟ್ಟಿಗೆ ಕಳಿಸಿರಲಿಲ್ಲ, ಜೋಳದ ಲಾರಿಯಂತೆ ಬೇರೆ ಬೇರೆ ಕಂತು ಮಾಡಿದ್ದರು. ಮೊದಲ ಕಂತು ಹೋಗದಿದ್ದಾಗ ಹಲ್ಲು ಕಚ್ಚಿಕೊಂಡು ಎರಡನೆಯದಕ್ಕೆ ಪೂರ್ತಿ ಶುಲ್ಕ ಕೊಟ್ಟರು. ಅದೂ ಪೆಂಡಿಂಗ್. ಮೂರನೆಯದೂ ಹಾಗೇ ಆಯಿತು. ಅಲ್ಲಿಗೆ ಅವರಿಗೆ ಖಾತ್ರಿಯಾಯಿತು: ಇದು ಮೋಸ, ಪೂರ್ತಿ ಕೊಟ್ಟರೂ ಕೆಲಸವಾಗುವುದಿಲ್ಲ, ಕೊಡುವವನೇ ಹುಚ್ಚ. ಸಂತೆ ಹತ್ತಿರ ಬಂತು. ಅಕ್ಕ ಅನ್ನ ಬಿಟ್ಟಳು. ಕೊನೆಗೆ ಗಂಡನನ್ನು ಹೊರಡಿಸಿಕೊಂಡು ಒಂದು ಮಧ್ಯಾಹ್ನ ದಾಂಡೇಲಿಗೆ ನನ್ನ ಕ್ಲಾಸಿಗೇ ಬಂದಳು.

ನಾನು ಹುಡುಗಿಯರನ್ನು ಬೇಗ ಮನೆಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಭಾವ ಫ್ಯಾನಿನ ಕೆಳಗಿನ ಕುರ್ಚಿಯನ್ನು ಆರಿಸಿಕೊಂಡು ಕೂತರು. ಮುಖದಲ್ಲಿ ನಾಚಿಕೆಯ ಗೆರೆಯೂ ಇರಲಿಲ್ಲ.

"ನೀ ಏನ್ ಮಾಡೂದು ಬ್ಯಾಡ. ಸರ್‌ಗೆ ಮೆಸೇಜ್ ಹಾಕೇನಿ. ಅವರ ಆಫೀಸಿನ್ಯಾಂವ ಬಿಡಿಸಿ ಕೊಡ್ತಾನಂತ" ಎಂದರು.

"ಹೆಂಗ ಬಿಡಿಸ್ತಾನಂತ?"

"ವ್ಯಾಲೆಟ್ಟಿಂದು ಹನ್ನೆರಡು ಶಬ್ದ ಇರ್ತಾವಲ್ಲ, ಅವನ್ನ ಕಳಸ್ರಿ ಅಂದಾನ."

ಆ ಹನ್ನೆರಡು ಶಬ್ದ ಗೊತ್ತಿದ್ದವನು ವ್ಯಾಲೆಟ್ಟನ್ನು ತನ್ನ ಫೋನಿನಲ್ಲಿ ತೆರೆದು ಇದ್ದದ್ದನ್ನೆಲ್ಲ ಬಾಚಿಕೊಂಡು ಹೋಗಬಹುದು. ಮನೆಯ ಕೀಲಿ ಅದು.

"ಕಳಿಸೀರೇನು?"

"ಇನ್ನೂ ಇಲ್ಲ. ಫೀ ಕೇಳಾಕ್ಹತ್ಯಾನ, ಅದನ್ನ ಕಡಿಮಿ ಮಾಡಸಾಕ್ಹತ್ತೇನಿ."

ನೋಡಿ, ಇಂಥ ಮನುಷ್ಯ. ಕಳ್ಳನಿಗೆ ಕೀಲಿಕೈ ಕೊಡಲು ಅವರಿಗೆ ಅಡ್ಡಿಯಿರಲಿಲ್ಲ. ಕಳ್ಳನ ಕೂಲಿ ಜಾಸ್ತಿಯಾಯಿತೆಂದು ತಡೆದಿದ್ದರು. ಇಷ್ಟು ವರ್ಷಗಳಲ್ಲಿ ಅವರ ಚೌಕಾಶಿಯಿಂದ ನಮ್ಮ ಮನೆಗಾದ ಉಪಕಾರವೆಂದರೆ ಅದೊಂದೇ. ನಾನು ಫೋನ್ ಕಸಿದುಕೊಂಡು ಆ ಸಂದೇಶವನ್ನು ಅಳಿಸಿ, ನಂಬರನ್ನೂ ಬ್ಲಾಕ್ ಮಾಡಿದೆ. ಅವರು ಬಾಯಿ ತೆರೆದರು. ಅಕ್ಕ ಅವರ ಕಡೆ ನೋಡಿದಳು. ಬಾಯಿ ಮುಚ್ಚಿದರು.

ಆಮೇಲೆ ಅವರ ವ್ಯಾಲೆಟ್ಟಿನ ವಿಳಾಸವನ್ನು ನನ್ನ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ಈ ವ್ಯವಹಾರಗಳು ಎಲ್ಲರಿಗೂ ಕಾಣುವಂತೆ ಇರುತ್ತವೆ. ಮೂರೂ ಕಂತು ಸಾಲಾಗಿ ನಿಂತಿದ್ದವು.

"ಪ್ರತಿ ಕಂತಿಗೂ ಒಂದು ಸರದಿ ನಂಬರ್ ಇರ್ತೈತಿ. ಮುಂದಿಂದು ಹೋಗೂತನಕ ಹಿಂದಿಂದು ಹೋಗಂಗಿಲ್ಲ. ಹಿಂದಿನವಕ್ಕ ಪೂರ್ತಿ ಫೀ ಕೊಟ್ಟಾರ, ಆದ್ರ ಇವರು ಮೊದಲ ಅರ್ಧ ಕೊಟ್ಟದ್ದು ಬಾಗಲದಾಗ ಅಡ್ಡ ನಿಂತೈತಿ" ಎಂದು ಅಕ್ಕನಿಗೆ ಹೇಳಿದೆ.

"ಮತ್ತ ಈಗ?"

"ಅದ ನಂಬರಿನ ಮ್ಯಾಲ, ಅದ ಕಂತು, ಫೀ ಹೆಚ್ಚು ಮಾಡಿ ಮತ್ತ ಕಳಿಸ್ಬೇಕು. ಆವಾಗ ಹಳೇದು ಬಿದ್ದು ಹೋಗ್ತೈತಿ, ಹೊಸಾದು ಅದರ ಜಾಗಾದಾಗ ನಿಂದರ್ತೈತಿ."

ವ್ಯಾಲೆಟ್ಟಿನಲ್ಲಿ ಅದಕ್ಕೆಂದೇ ಒಂದು ಗುಂಡಿ ಇತ್ತು, ದಿನವೂ ಅವರ ಕಣ್ಣಿಗೆ ಬೀಳುತ್ತಿತ್ತು. ಭಾವ ಎದ್ದು ಬಂದು, ಫೋನು ತಮ್ಮದು, ಒತ್ತುವವರೂ ತಾವೇ ಎಂದರು. ಸರಿ ಎಂದು ಕೊಟ್ಟೆ. ಏನು ಮಾಡಿದರು ಗೊತ್ತೆ? ಹಳೆಯ ಶುಲ್ಕದ ಮೇಲೆ ಚಿಟಿಕೆಯಷ್ಟು ಸೇರಿಸಿದರು. ವ್ಯಾಲೆಟ್ ಸಾಲದು ಎಂದಿತು. ಇನ್ನೊಂದು ಚಿಟಿಕೆ ಸೇರಿಸಿದರು. ಮತ್ತೆ ಸಾಲದು ಎಂದಿತು.

"ಅಂವ ಇಳೀತಾನ, ತಡಿ" ಎಂದರು ನನಗೆ, ಸಮಾಧಾನದ ದನಿಯಲ್ಲಿ.

"ಯಾಂವ?" ಎಂದಳು ಅಕ್ಕ. "ಅಲ್ಲಿ ಯಾಂವ ಕುಂತಾನ್ರಿ?"

ಅವರು ಇನ್ನೊಂದು ಚಿಟಿಕೆ ಸೇರಿಸಲು ಬೆರಳು ಎತ್ತಿದರು. ಅಕ್ಕ ಅವರ ಕೈಯಿಂದ ಫೋನ್ ತೆಗೆದು ನನಗೆ ಕೊಟ್ಟಳು. ನಾನು ಆ ಹೊತ್ತಿಗೆ ನಡೆಯುತ್ತಿದ್ದ ಶುಲ್ಕವನ್ನು ನೋಡಿ, ಅದಕ್ಕಿಂತ ಒಂದಿಷ್ಟು ಹೆಚ್ಚೇ ತುಂಬಿ ಒತ್ತಿದೆ. ಆ ಹೆಚ್ಚಿನ ದುಡ್ಡಿಗೆ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ, ಎರಡು ಚಹಾ ಬರುತ್ತಿತ್ತೋ ಏನೋ. ಅಷ್ಟಕ್ಕಾಗಿ ಒಬ್ಬ ಹೆಂಗಸು ಊಟ ಬಿಟ್ಟಿದ್ದಳು. ನಾನು ತಿರುಗಿ ಕೂರುವಷ್ಟರಲ್ಲಿ ಮೊದಲ ಕಂತು ಖಚಿತವಾಗಿತ್ತು. ಅದರ ಹಿಂದೆಯೇ ಉಳಿದೆರಡೂ ಬಾಗಿಲು ತೆರೆದ ಕೊಟ್ಟಿಗೆಯ ದನಗಳಂತೆ ಹೊರಟವು.

"ನೋಡಿದ್ಯಲ್ಲ, ಹೋಗ್ತಾವ ಅಂತ ನಾ ಮೊದಲ ಹೇಳಿದ್ನಿ" ಎಂದರು ಭಾವ.

ಅಕ್ಕ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು. ಎಕ್ಸ್‌ಚೇಂಜಿನಲ್ಲಿ ನಾಣ್ಯ ಮಾರುವುದನ್ನು ನನ್ನ ಪಕ್ಕವೇ ಕೂತು ನೋಡಿದಳು. ಖಾತೆ ಅವಳ ಹೆಸರಿನಲ್ಲಿದ್ದದ್ದರಿಂದ ದುಡ್ಡು ಹೋಗಬೇಕಾದದ್ದು ಅವಳ ಬ್ಯಾಂಕಿಗೇ. ಅದು ಭಾವನಿಗೆ ಆಗಷ್ಟೇ ಹೊಳೆದಂತಿತ್ತು. "ಇರ್ಲಿ ಬಿಡು, ಎಲ್ಲಿದ್ರೂ ಒಂದ" ಎಂದರು. ದುಡ್ಡು ಬಂದು ಬ್ಯಾಂಕಿಗೆ ಜಮೆಯಾಗುವ ಹೊತ್ತಿಗೆ ಸಂತೆ ನಾಳೆ ಎಂಬಂತಾಗಿತ್ತು.

ಸಂತೆಯ ದಿನ ಬೆಳಿಗ್ಗೆ ಹಳಿಯಾಳದ ಪತ್ತಾರನ ಅಂಗಡಿ ತೆರೆಯುವ ಹೊತ್ತಿಗೆ ನಾವು ಮೂವರೂ ಅಲ್ಲಿದ್ದೆವು. ಧಾರವಾಡದವರು ಇನ್ನೂ ಬಂದಿರಲಿಲ್ಲ. ಆದರೆ ಬಸ್ ಹತ್ತಿದ್ದೇವೆಂದು ಫೋನ್ ಮಾಡಿದ್ದರಂತೆ. ಪತ್ತಾರ ಪಾಟ್ಲಿಗಳನ್ನು ಕೆಂಪು ಬಟ್ಟೆಯ ಮೇಲೆ ಇಟ್ಟು ಬೆಲೆ ಹೇಳಿದ. ಬಂಗಾರದ ದರ ಏರಿತ್ತು, ಅವನು ಕೇಳಿದ್ದು ಅನ್ಯಾಯವೇನಲ್ಲ. ಅಕ್ಕ ಕೈ ಚಾಚುವ ಮೊದಲೇ ಭಾವ ತಗ್ಗು ಬಿದ್ದ ಪಾಟ್ಲಿಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದು ಮುಖ ಸಿಂಡರಿಸಿದರು.

"ಇದೇನ್ರಿ, ತಗ್ಗ ಬಿದ್ದೈತಿ. ಬೋರಿಂಗ್ ಹೊಡದು ಸವೆಸಿದ ಮಾಲು. ಇದಕ್ಕ ಇಷ್ಟ್ ಯಾರ್ ಕೊಡ್ತಾರ?"

ನನ್ನ ನಾಲಗೆಯ ತುದಿಗೆ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕನ ಕಡೆ ತಿರುಗಿದೆ. ಅವಳು ಆ ತಗ್ಗನ್ನೇ ನೋಡುತ್ತಿದ್ದಳು. ಭಾವ ಅರ್ಧ ಬೆಲೆ ಹೇಳಿದರು. ಪತ್ತಾರ ತಲೆ ಅಲ್ಲಾಡಿಸಿದ. ಭಾವ ಪಾಟ್ಲಿಯನ್ನು ಬಟ್ಟೆಯ ಮೇಲೆ ಇಟ್ಟು, "ಏಳು, ಹೋಗೂಣು" ಎಂದು ಅಕ್ಕನಿಗೆ ಹೇಳಿ, ಎದ್ದು ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು, ತೆಂಗಿನಕಾಯಿ ಮಾರುವವರ ಕಡೆಗೆ ನಿಧಾನವಾಗಿ ನಡೆದರು. ಪದ್ಧತಿಯಂತೆ ಹಿಂದೆ ತಿರುಗಿ ನೋಡಲಿಲ್ಲ.

ಪತ್ತಾರನೂ ಇದೇ ಊರಿನ ವ್ಯಾಪಾರಿ. ಕರೆಯಲು ಅರ್ಧ ಎದ್ದು ಬಾಯಿ ತೆರೆದ.

"ಕರೀಬ್ಯಾಡ್ರಿ" ಎಂದಳು ಅಕ್ಕ. "ಎಲ್ಲಿತನಕ ಹೋಗ್ತಾರೋ ಹೋಗ್ಲಿ."

ಎರಡೂ ಪಾಟ್ಲಿಗಳನ್ನು ಕೈಗೇರಿಸಿಕೊಂಡಳು. ತಗ್ಗಿನದು ಬಲಗೈಗೆ. ಚೀಲದಿಂದ ಚೆಕ್ ಪುಸ್ತಕ ತೆಗೆದು, ನನ್ನ ಪೆನ್ನು ಇಸಿದುಕೊಂಡು, ಪತ್ತಾರ ಮೊದಲು ಹೇಳಿದ ಬೆಲೆಯನ್ನೇ ಬರೆದು ಸಹಿ ಮಾಡಿದಳು.